ತಮ್ಮ ಹೊಸ ಪಂಥ ಸೇರಿದ್ದಾನೆ, ಕೈಬಿಟ್ಟು ಹೋದನಾ?

ಪ್ರಶ್ನೆ: ನನ್ನ ತವರು ರಾಣೆಬೆನ್ನೂರು. ಮದುವೆಯಾಗಿ ದಾವಣಗೆರೆಯಲ್ಲಿದ್ದೇನೆ. ತಮ್ಮನಿಗೆ 27 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಪಿಜಿಯಲ್ಲಿ ವಾಸ. ಎರಡು ವರ್ಷದ ಹಿಂದೆ ಆಫೀಸಿನ ಗೆಳೆಯನ ಜೊತೆ ಒಂದು ಸತ್ಸಂಗಕ್ಕೆ ಹೋಗಲು ಶುರು ಮಾಡಿದ. ಆ ಪಂಥಕ್ಕೆ ಹದಿನೈದು ವರ್ಷವೂ ಆಗಿಲ್ಲ, ಕಟ್ಟಿದ ಗುರೂಜಿ ಇನ್ನೂ ಇದ್ದಾರೆ. ಈಗ ಅವನು ಈರುಳ್ಳಿ ಬೆಳ್ಳುಳ್ಳಿ ಬಿಟ್ಟಿದ್ದಾನೆ. ಊರಿಗೆ ಬಂದರೆ ಅವನ ತಟ್ಟೆ ಲೋಟ ಅವನೇ ತರುತ್ತಾನೆ. ಸಂಬಳದಲ್ಲಿ ಹತ್ತನೇ ಒಂದು ಪಾಲು ಅಲ್ಲಿಗೆ ಹೋಗುತ್ತದೆ. ಮದುವೆ ಮಾತು ತೆಗೆದರೆ ಎದ್ದು ಹೋಗುತ್ತಾನೆ. ಈ ಸಲ ಪಂಚಮಿಗೆ ನಾನು ಹೋದರೂ ಅವನು ಬರಲಿಲ್ಲ, ಶಿಬಿರ ಇತ್ತಂತೆ. ಅಪ್ಪ ‘ಬ್ರೇನ್‌ವಾಶ್ ಮಾಡಿದ್ದಾರೆ, ಎಳೆದುಕೊಂಡು ಬರೋಣ’ ಅನ್ನುತ್ತಾರೆ. ಅವ್ವ ಯಾರೋ ಏನೋ ಮಾಡಿಸಿದ್ದಾರೆ ಅಂತ ಮಂತ್ರವಾದಿಯನ್ನು ಹುಡುಕುತ್ತಿದ್ದಾಳೆ. ನಾವು ಲಿಂಗವಂತರು. ನಮ್ಮದೇ ಧರ್ಮ ಇರುವಾಗ ಈ ಹೊಸ ಹೊಸ ಪಂಥಗಳು ಯಾಕೆ ಹುಟ್ಟುತ್ತವೆ? ಇವು ಧರ್ಮವೋ ವ್ಯಾಪಾರವೋ? ಅವನನ್ನು ಹೊರಗೆ ತರುವುದು ಹೇಗೆ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆ. ಮೂರರ ಕೆಳಗೂ ಇರುವ ಭಯ ಒಂದೇ: ತಮ್ಮ ಕೈಬಿಟ್ಟು ಹೋದನಾ? ಸಮಾಜಶಾಸ್ತ್ರದ ಮೇಷ್ಟ್ರಾಗಿ ಮೂವತ್ತು ವರ್ಷ ಇಂಥ ಪಂಥಗಳನ್ನು ನೋಡಿದ್ದೇನೆ. ಅವುಗಳ ಸಭೆಗಳಲ್ಲಿ ಕುಳಿತಿದ್ದೇನೆ. ನಿಮ್ಮಂಥ ಮನೆಯವರ ಜೊತೆಯೂ ತುಂಬಾ ಮಾತಾಡಿದ್ದೇನೆ. ನೀವು ಬರೆದಿರುವುದನ್ನು ನೋಡಿದರೆ ಅವನು ಕೈಬಿಟ್ಟು ಹೋಗಿಲ್ಲ. ತಟ್ಟೆ ಲೋಟ ಹಿಡಿದುಕೊಂಡಾದರೂ ಊರಿಗೆ ಬರುತ್ತಿದ್ದಾನಲ್ಲ! ಆದರೆ ಮುಂದೆ ಏನಾಗುತ್ತದೆ ಅನ್ನುವುದು ಆ ಪಂಥದ ಮೇಲೆ ಎಷ್ಟು ನಿಂತಿದೆಯೋ ನಿಮ್ಮ ಮನೆಯ ಮೇಲೂ ಅಷ್ಟೇ ನಿಂತಿದೆ.

ಮೊದಲು ಅಪ್ಪನ ಮಾತು. ‘ಬ್ರೇನ್‌ವಾಶ್’ ಹಳೆಯ ಪದವೇನಲ್ಲ. 1950ರಲ್ಲಿ ಎಡ್ವರ್ಡ್ ಹಂಟರ್ ಎಂಬ ಅಮೆರಿಕದ ಪತ್ರಕರ್ತ ಅದನ್ನು ಚಾಲ್ತಿಗೆ ತಂದ. ಆಗ ಕೊರಿಯಾ ಯುದ್ಧ. ಸೆರೆಸಿಕ್ಕ ಅಮೆರಿಕದ ಸೈನಿಕರ ತಲೆಯನ್ನೇ ಚೀನಾದವರು ತೊಳೆದುಬಿಟ್ಟಿದ್ದಾರೆ ಅಂತ ಗುಲ್ಲೆದ್ದಿತು. ಯುದ್ಧ ಮುಗಿದಾಗ ಸಾವಿರಾರು ಸೆರೆಯಾಳುಗಳ ಪೈಕಿ ಊರಿಗೆ ಬರುವುದಿಲ್ಲ ಎಂದವರು 21 ಜನ. ಅವರಲ್ಲೂ ಹೆಚ್ಚಿನವರು ಆಮೇಲೆ ವಾಪಸ್ ಬಂದರು. ಜೈಲು, ಹಸಿವು, ಬಂದೂಕು ಎಲ್ಲ ಇದ್ದರೂ ಆಗಿದ್ದು ಇಷ್ಟು.

ಪಂಥಗಳ ವಿಷಯದಲ್ಲಿ ಇದನ್ನು ಚೆನ್ನಾಗಿ ಅಳೆದು ನೋಡಿದವರು ಲಂಡನ್ನಿನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್. ಕೊರಿಯಾದಲ್ಲಿ ಹುಟ್ಟಿದ ಯೂನಿಫಿಕೇಶನ್ ಚರ್ಚ್ ಬಗ್ಗೆ 1970ರ ದಶಕದಲ್ಲಿ ಯುರೋಪು, ಅಮೆರಿಕಗಳಲ್ಲಿ ಭಾರೀ ಹೆದರಿಕೆ ಇತ್ತು. ‘ಅವರ ಶಿಬಿರಕ್ಕೆ ಹೋದರೆ ಮುಗೀತು’ ಅನ್ನುತ್ತಿದ್ದರು. 1979ರಲ್ಲಿ ಲಂಡನ್ ಸುತ್ತಮುತ್ತ ಆ ಶಿಬಿರಗಳಿಗೆ ಹೋದ ಸುಮಾರು ಸಾವಿರ ಜನರ ಕಥೆ ಏನಾಯಿತು ಅಂತ ಬಾರ್ಕರ್ ಲೆಕ್ಕ ಹಾಕಿದರು. ನೂರಕ್ಕೆ ತೊಂಬತ್ತು ಜನ ಸೇರಲೇ ಇಲ್ಲ. ಸೇರಿದವರಲ್ಲೂ ಹೆಚ್ಚಿನವರು ಎರಡು ವರ್ಷದೊಳಗೆ ತಾವಾಗಿಯೇ ಬಿಟ್ಟುಬಂದರು. ಯಾರೂ ಎಳೆದುಕೊಂಡು ಬರಲಿಲ್ಲ.

ಅಂದರೆ ಒತ್ತಡ ಇರುವುದೇ ಇಲ್ಲ ಅಂತಲ್ಲ. ಇರುತ್ತದೆ. ಜೊತೆಯವರು ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ, ಅಂತ ಒಂದು ಶಿಬಿರ ತಪ್ಪಿಸಲು ಮನಸ್ಸು ಬರುವುದಿಲ್ಲ. ಇಲ್ಲಿ ಕೆಲಸ ಮಾಡುವುದು ಮಾಯೆ ಅಲ್ಲ, ಸ್ನೇಹ. ಅದು ಮಾಯೆಗಿಂತ ಗಟ್ಟಿ ಅನ್ನುವುದು ಬೇರೆ ಮಾತು.

ಅವ್ವನ ಮಂತ್ರವಾದಿ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಹಣ ಹೋಗುತ್ತದೆ. ಗೊತ್ತಾದ ದಿನ ತಮ್ಮ ಫೋನ್ ಎತ್ತುವುದನ್ನೂ ಬಿಡುತ್ತಾನೆ. ಬಿಡಿಸುತ್ತೇನೆ ಅಂತ ಕಟ್ಟಿಹಾಕಿ ಹೊಡೆಯುವ ಕಡೆ ಹೋದರಂತೂ ಕರ್ನಾಟಕದ 2017ರ ಮೌಢ್ಯ ತಡೆ ಕಾಯ್ದೆಯಡಿ ಅದು ಅಪರಾಧ.

ಇನ್ನು ಅವನು ಯಾಕೆ ಸೇರಿದ? ಬಹುತೇಕ ಹುಡುಗರು ಮೊದಲ ದಿನ ಹೋಗುವುದು ತತ್ವ ಕೇಳಲಿಕ್ಕಲ್ಲ. ಗೆಳೆಯ ಕರೆದ ಅಂತ ಹೋಗುತ್ತಾರೆ. ಅಲ್ಲಿ ಯಾರೋ ಹೆಸರು ಹಿಡಿದು ಮಾತಾಡಿಸುತ್ತಾರೆ. ಬಾಳೆಲೆ ಹಾಕಿ ಬಿಸಿ ಅನ್ನ ಬಡಿಸುತ್ತಾರೆ. ಜ್ವರ ಬಂದರೆ ಇಬ್ಬರು ಬಂದು ನೋಡಿಕೊಂಡು ಹೋಗುತ್ತಾರೆ. ಪಿಜಿಯ ಪಕ್ಕದ ಮಂಚದವನ ಪೂರ್ತಿ ಹೆಸರೇ ಗೊತ್ತಿಲ್ಲದ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ರಾಣೆಬೆನ್ನೂರಿನಲ್ಲಿ ಓಣಿ, ಮಠ, ಸೋದರಮಾವ, ಅಂಗಡಿಯ ಕಟ್ಟೆ ಎಲ್ಲ ಸೇರಿ ಕೊಡುತ್ತಿದ್ದುದನ್ನು ಅಲ್ಲಿ ಒಂದೇ ಗುಂಪು ಕೊಡುತ್ತಿದೆ. ತತ್ವ ಆಮೇಲೆ ಬರುತ್ತದೆ. ಬಂದ ಮೇಲೆ ನಿಜವಾಗಿಯೂ ಹಿಡಿಸಲೂಬಹುದು, ಅದನ್ನೂ ಸುಮ್ನೆ ತಳ್ಳಿಹಾಕಬೇಡಿ.

ಇದು ಬೆಂಗಳೂರಿಗೆ ಮಾತ್ರ ಬಂದ ಕಾಯಿಲೆಯೂ ಅಲ್ಲ. ಎರಡನೇ ಮಹಾಯುದ್ಧ ಸೋತ ಮೇಲೆ ಜಪಾನಿನ ಹಳ್ಳಿಗಳಿಂದ ಜನ ಟೋಕಿಯೊ, ಒಸಾಕಾ ಕಡೆ ಹೊರಟರು. ಊರಿನ ದೇವಸ್ಥಾನ, ಊರಿನ ಪೂಜಾರಿ ಊರಲ್ಲೇ ಉಳಿದರು. ಇವರಿಗೆ ಕೂಲಿ ಸಿಕ್ಕಿತು, ಕೇಳುವವರು ಸಿಗಲಿಲ್ಲ. ಆಗ ಸೋಕಾ ಗಕ್ಕೈ ಎಂಬ ಬೌದ್ಧ ಗುಂಪು ಮನೆಮನೆಯಲ್ಲಿ ಸಣ್ಣ ಕೂಟ ನಡೆಸಿತು. ನೆಲದ ಮೇಲೆ ಕೂತು ಒಬ್ಬೊಬ್ಬರೂ ತಮ್ಮ ಕಷ್ಟ ಹೇಳಿಕೊಳ್ಳಬೇಕು, ಉಳಿದವರು ಕೇಳಬೇಕು, ಇಷ್ಟೇ. 1951ರಲ್ಲಿ ಅದರ ಮುಖ್ಯಸ್ಥ ಜೋಸೆಯ್ ತೋದಾ ಏಳೂವರೆ ಲಕ್ಷ ಮನೆಗಳನ್ನು ಸೇರಿಸುತ್ತೇನೆ ಅಂದಾಗ ಜೊತೆಗಿದ್ದದ್ದು ಕೆಲವು ಸಾವಿರ ಮನೆ. 1957ರ ಕೊನೆಗೆ ಆ ಗುರಿ ಮುಟ್ಟಿತು ಎಂದು ಗುಂಪು ಸಾರಿತು. ಆ ಕಾಲದಲ್ಲಿ ಅವರ ಮೇಲೆ ಬಂದ ದೂರು ಕಡಿಮೆಯೇನಲ್ಲ. ಬೆನ್ನು ಬಿದ್ದು ಸೇರಿಸುತ್ತಾರೆ, ಮನೆಯ ಹಳೆಯ ದೇವರ ಗೂಡು ತೆಗೆಸುತ್ತಾರೆ ಅಂತ. ಹತ್ತು ವರ್ಷ ಕಳೆಯುವುದರೊಳಗೆ, 1964ರಲ್ಲಿ, ಇದೇ ಗುಂಪಿನಿಂದ ಕೊಮೈತೊ ಎಂಬ ರಾಜಕೀಯ ಪಕ್ಷ ಹುಟ್ಟಿತು. ಕೂಲಿಯವರ ಮಕ್ಕಳು ಓದಿ ಆಫೀಸರುಗಳಾದರು. ಬೆನ್ನು ಬೀಳುವ ಚಾಳಿಯೂ ಮೆತ್ತಗಾಯಿತು.

‘ನಮ್ಮದೇ ಧರ್ಮ ಇರುವಾಗ’ ಅಂದಿದ್ದೀರಲ್ಲ, ಆ ಮಾತಿಗೆ ಬರುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ಬಸವಣ್ಣ ಬಾಗೇವಾಡಿಯ ಮನೆ ಬಿಟ್ಟು ಕೂಡಲಸಂಗಮದ ಹಾದಿ ಹಿಡಿದಾಗ ಅವರ ಮನೆಯವರಿಗೂ ನಿಮ್ಮ ಅಪ್ಪನಿಗೆ ಈಗ ಆಗಿರುವ ಸಂಕಟವೇ ಆಗಿರಬೇಕು, ಅಲ್ವಾ? ಅಕ್ಕಮಹಾದೇವಿ ಉಡುತಡಿ ಬಿಟ್ಟಾಗ? ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸೇರಿದವರೆಲ್ಲ ಯಾರದೋ ಮನೆಯ ಮಾತು ಮೀರಿ ಬಂದವರೇ. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಅಕ್ಕಿ ಆಯುವ ಮಾರಯ್ಯ. ಹಳೆಯ ಧರ್ಮದಲ್ಲಿ ಬಾಗಿಲ ಹೊರಗೆ ನಿಂತವರು ಇಲ್ಲಿ ಒಂದೇ ಸಾಲಿನಲ್ಲಿ ಕೂತರು. ಮಾಡುವ ಕೆಲಸಕ್ಕೇ ಕಾಯಕ ಎಂಬ ಹೆಸರು, ಮರ್ಯಾದೆ ಎರಡೂ ಸಿಕ್ಕಿತು. ಹೊಸ ಪಂಥ ಸಾಮಾನ್ಯವಾಗಿ ಹುಟ್ಟುವುದು ಹೀಗೇ. ಹಳೆಯದರಲ್ಲಿ ಜಾಗ ಇಲ್ಲದವರು ಸಾಕಷ್ಟು ಜನ ಆಗಿರಬೇಕು, ಅವರು ಒಂದೆಡೆ ಸೇರುವಂತೆ ಊರು, ವ್ಯಾಪಾರ, ದಾರಿ ಬದಲಾಗಿರಬೇಕು, ಜೊತೆಗೆ ಅವರ ಭಾಷೆಯಲ್ಲೇ ಮಾತಾಡುವ ಒಬ್ಬರು ಬೇಕು.

ಆಮೇಲೆ ಏನಾಯಿತು ಅನ್ನುವುದೂ ನಿಮಗೆ ಗೊತ್ತಿರುವ ಕಥೆಯೇ. ಹರಳಯ್ಯ, ಮಧುವರಸರ ಮಕ್ಕಳ ಮದುವೆ, ರಕ್ತಪಾತ, ಶರಣರು ಉಳವಿಯ ಕಡೆ ಚದುರಿದ್ದು. ಹದಿನೈದನೇ ಶತಮಾನಕ್ಕೆ, ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ, ವಚನಗಳನ್ನು ಹುಡುಕಿ ಜೋಡಿಸುವ ಕೆಲಸ ಜೋರಾಯಿತು. ಮಠಗಳು ಬೆಳೆದವು. ಮೊದಲು ಬೇಕು ಅಂತ ಬಂದು ಲಿಂಗ ಕಟ್ಟಿಕೊಂಡಿದ್ದರು, ಆಮೇಲೆ ಕೂಸು ಹುಟ್ಟುತ್ತಲೇ ಕಟ್ಟಿದರು. ಜಾತಿ ಬೇಡ ಅಂದ ಕಡೆ ಒಳಪಂಗಡಗಳು ಬಂದವು. ಇಪ್ಪತ್ತನೇ ಶತಮಾನದಲ್ಲಿ ಕಾಲ ಮತ್ತೆ ತಿರುಗಿತು. ಬಡವರ ಮಕ್ಕಳಿಗೆ ಇಂಗ್ಲಿಷ್ ಶಾಲೆ ಬೇಕಾಯಿತು. ಮಠಗಳು ಹಾಸ್ಟೆಲ್ ತೆರೆದವು. ಸಿದ್ಧಗಂಗೆಯಲ್ಲಿ ಉಂಡು ಓದಿದವರು ನಿಮ್ಮ ನೆಂಟರಲ್ಲೇ ಇರಬಹುದು. ನಮ್ಮ ಭಾಷೆಯಲ್ಲಿ ಇದಕ್ಕೆ ಚಂದದ ಜೋಡಿಪದ ಇದೆ: ಜಂಗಮ, ಸ್ಥಾವರ. ಓಡಾಡುವುದು ಒಂದು ದಿನ ಕಟ್ಟಡ ಆಗುತ್ತದೆ. ಆ ಕಟ್ಟಡ ಸಾಲದು ಅಂತ ಮತ್ತೆ ಯಾರೋ ಎದ್ದು ಹೊರಡುತ್ತಾರೆ.

ನಿಮ್ಮ ತಮ್ಮನ ಪಂಥ ಇನ್ನೂ ಓಡಾಡುವ ಹಂತದಲ್ಲಿದೆ. ಈ ಹಂತದಲ್ಲಿ ಎಲ್ಲವೂ ಅತಿ. ಸೇರಿದವರೆಲ್ಲ ಹೊಸಬರು, ಸಣ್ಣ ವಯಸ್ಸಿನವರು, ಮಕ್ಕಳಿಲ್ಲದವರು. ಊಟದ ನಿಯಮ, ಬಟ್ಟೆ, ತಟ್ಟೆ ಲೋಟ ಎಲ್ಲ ‘ನಾವು ಬೇರೆ’ ಅಂತ ತೋರಿಸಿಕೊಳ್ಳಲು ಬೇಕು. ಇದು ಹೀಗೇ ಉಳಿಯುವುದಿಲ್ಲ. ಅದಕ್ಕೆ ಕಣ್ಣಮುಂದಿನ ಉದಾಹರಣೆ ಇಸ್ಕಾನ್. 1965ರಲ್ಲಿ, ಅದನ್ನು ಕಟ್ಟಿದ ಪ್ರಭುಪಾದರು 69ನೇ ವಯಸ್ಸಿನಲ್ಲಿ ಸರಕು ಹಡಗಿನಲ್ಲಿ ನ್ಯೂಯಾರ್ಕಿಗೆ ಹೋದರು. 1966ರಲ್ಲಿ ಒಂದು ಮಳಿಗೆಯಲ್ಲಿ ಸಂಸ್ಥೆ ಶುರುವಾಯಿತು. ಬಂದವರು ಹಿಪ್ಪಿ ಹುಡುಗ ಹುಡುಗಿಯರು. ತಲೆ ಬೋಳಿಸಿ ಬೀದಿಯಲ್ಲಿ ಕುಣಿಯುವ ಮಕ್ಕಳನ್ನು ನೋಡಿ ಅಮೆರಿಕದ ತಂದೆತಾಯಂದಿರು ಹೇಳಿದ್ದೂ ನಿಮ್ಮ ಅಪ್ಪ ಹೇಳಿದ್ದನ್ನೇ: ಬ್ರೇನ್‌ವಾಶ್.

1977ರಲ್ಲಿ ಪ್ರಭುಪಾದರು ತೀರಿಕೊಂಡರು. ಯಾವ ಪಂಥಕ್ಕಾದರೂ ಗುರು ಹೋದ ಮೇಲಿನ ಹತ್ತು ವರ್ಷ ಬಹಳ ಕಷ್ಟದ್ದು. ಹನ್ನೊಂದು ಶಿಷ್ಯರು ಜಗತ್ತನ್ನು ಹಂಚಿಕೊಂಡು ಗುರುಗಳಾದರು. ಅವರಲ್ಲಿ ಹಲವರು ಒಬ್ಬೊಬ್ಬರಾಗಿ ಸ್ಥಾನ ಕಳೆದುಕೊಂಡರು. ಇನ್ನೊಂದು ಕಡೆ ಮೊದಲ ತಲೆಮಾರಿನವರಿಗೆ ಮಕ್ಕಳಾಗಿದ್ದವು. ಅಪ್ಪ ಅಮ್ಮ ಸೇವೆ ಮಾಡಲಿ ಅಂತ ಮಕ್ಕಳನ್ನು ಗುರುಕುಲಗಳಲ್ಲಿ ಬಿಡುತ್ತಿದ್ದರು. ಆ ಗುರುಕುಲಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ವಿವರವನ್ನು 1998ರಲ್ಲಿ ಸಂಸ್ಥೆಯ ಪತ್ರಿಕೆಯೇ ಪ್ರಕಟಿಸಿತು. ಅಷ್ಟರಲ್ಲಿ ಅಮೆರಿಕದ ದೇವಸ್ಥಾನಗಳಲ್ಲಿ ಹಿಪ್ಪಿಗಳ ಜಾಗದಲ್ಲಿ ಭಾರತದಿಂದ ಹೋದ ಕುಟುಂಬಗಳು ತುಂಬಿದ್ದವು. ಭಾನುವಾರ ಕಾರಿನಲ್ಲಿ ಬಂದು, ಪೂಜೆ ಮಾಡಿಸಿ, ಪ್ರಸಾದ ತಿಂದು ಹೋಗುವವರು. ನಮ್ಮ ರಾಜಾಜಿನಗರದ ದೇವಸ್ಥಾನ 1997ರದು. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳ ಬಿಸಿಯೂಟದಿಂದ ಅಕ್ಷಯಪಾತ್ರ ಶುರುವಾಯಿತು. ಇಸ್ಕಾನಿನ ಮುಂಬೈ, ಬೆಂಗಳೂರು ಶಾಖೆಗಳ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಒಂದೇ ಸಂಸ್ಥೆಯಲ್ಲಿ ಬೀದಿ ಕುಣಿತವೂ ಇದೆ, ಅಡುಗೆಮನೆಯೂ ಇದೆ, ಕೋರ್ಟೂ ಇದೆ. ‘ಧರ್ಮವೋ ವ್ಯಾಪಾರವೋ’ ಅನ್ನುವ ಪ್ರಶ್ನೆಗೆ ನನ್ನ ಉತ್ತರವೂ ಇದರಲ್ಲೇ ಇದೆ. ಹಣ ಇಲ್ಲದೆ ಯಾವ ಮಠವೂ ನಡೆಯುವುದಿಲ್ಲ. ಲೆಕ್ಕ ಕೇಳಬಹುದೇ ಅನ್ನುವುದಷ್ಟೇ ಮುಖ್ಯ.

(ಊಟದ ನಿಯಮ ಅಂದಾಗ ನೆನಪಾಯಿತು. 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತ ಮತ್ತೆ ಬರುತ್ತಾನೆ ಅಂತ ಅಮೆರಿಕದಲ್ಲಿ ವಿಲಿಯಂ ಮಿಲ್ಲರ್‌ನ ಹಿಂಬಾಲಕರು ಕಾದು ಕೂತಿದ್ದರು. ಬರಲಿಲ್ಲ. ತುಂಬಾ ಜನ ಮನೆಗೆ ಹೋದರು. ಉಳಿದವರಲ್ಲಿ ಕೆಲವರು 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಚರ್ಚ್ ಕಟ್ಟಿದರು. ಲೋಕ ಮುಗಿಯುವುದನ್ನು ಕಾಯುತ್ತಾ ಕೂರುವ ಬದಲು ಆಸ್ಪತ್ರೆ, ಶಾಲೆ, ಸಸ್ಯಾಹಾರ ಅಂತ ಹೊರಟರು. ಅವರ ಆರೋಗ್ಯಧಾಮದ ಡಾಕ್ಟರ್ ಕೆಲಾಗ್ ರೋಗಿಗಳಿಗೆ ಅಂತ ಮಾಡಿದ್ದೇ ಇವತ್ತಿನ ಕಾರ್ನ್‌ಫ್ಲೇಕ್ಸ್. ಯಾವ ಪಂಥದ ಯಾವ ನಿಯಮ ಯಾರ ಮನೆಯ ತಿಂಡಿಯಾಗುತ್ತದೋ ಹೇಳಲಾಗದು.)

ಎಲ್ಲ ಪಂಥವೂ ಹೀಗೆ ಮೆತ್ತಗಾಗುತ್ತದೆ ಅಂತ ನಾನು ಹೇಳಿದರೆ ಅದು ಮೋಸ. ಕೆಲವು ಗಟ್ಟಿಯಾಗುತ್ತಾ ಹೋಗುತ್ತವೆ. 1978ರ ನವೆಂಬರ್ 18ರಂದು ದಕ್ಷಿಣ ಅಮೆರಿಕದ ಗಯಾನಾ ಕಾಡಿನಲ್ಲಿ ಜಿಮ್ ಜೋನ್ಸ್‌ನ ಪೀಪಲ್ಸ್ ಟೆಂಪಲ್‌ನ 900ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೂರಾರು ಮಕ್ಕಳು. ಆ ಪಂಥ ಕೆಟ್ಟದಾಗಿ ಶುರುವಾಗಿರಲಿಲ್ಲ. ಕರಿಯರು ಬಿಳಿಯರು ಒಟ್ಟಿಗೆ ಕೂರದ ಕಾಲದಲ್ಲಿ ಇಬ್ಬರನ್ನೂ ಕೂರಿಸಿತ್ತು, ಬಡವರಿಗೆ ಊಟ ಹಾಕಿತ್ತು. ಹಾಗಾಗಿ ‘ಅನ್ನದಾನ ಮಾಡ್ತಾರೆ, ಒಳ್ಳೆಯವರು’ ಅನ್ನುವುದು ಸಾಕಾಗದು. ಕೆಟ್ಟದ್ದು ಬಂದದ್ದು ಹೊರಗಿನ ದಾರಿ ಒಂದೊಂದಾಗಿ ಮುಚ್ಚಿದಾಗ. ಊರು ಬಿಟ್ಟು ಕಾಡಿಗೆ ಹೋದರು, ಪಾಸ್‌ಪೋರ್ಟ್ ಗುಂಪಿನ ಕೈಗೆ ಹೋಯಿತು, ಮನೆಯ ಕಾಗದಗಳನ್ನು ಒಡೆದು ಓದಿದರು, ಬಿಟ್ಟುಹೋದವರು ಶತ್ರುಗಳಾದರು. ಟೋಕಿಯೊದಲ್ಲಿ 1984ರಲ್ಲಿ ಯೋಗದ ಕ್ಲಾಸಾಗಿ ಶುರುವಾದ ಓಂ ಶಿನ್ರಿಕ್ಯೊ 1995ರ ಮಾರ್ಚ್‌ನಲ್ಲಿ ಸುರಂಗ ರೈಲಿನಲ್ಲಿ ವಿಷಾನಿಲ ಬಿಟ್ಟಿತು. ಅದನ್ನು ತಯಾರಿಸಿದವರು ಚೆನ್ನಾಗಿ ಓದಿದ ವಿಜ್ಞಾನಿಗಳು. ‘ಓದಿದ ಹುಡುಗ ಹೇಗೆ ಬಿದ್ದ’ ಅಂತ ಅಪ್ಪ ಕೇಳುತ್ತಿದ್ದರೆ, ಓದಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳಿ.

ಈ ಕಣ್ಣಿನಿಂದ ನಿಮ್ಮ ಪತ್ರವನ್ನು ನೋಡುತ್ತೇನೆ. ಈರುಳ್ಳಿ, ಬಟ್ಟೆ, ಜಪ: ಇದರಲ್ಲಿ ಅಪಾಯ ಏನೂ ಕಾಣಲಿಲ್ಲ. ಹತ್ತನೇ ಪಾಲು ಸಂಬಳ: ಜಾಸ್ತಿಯೇ, ಆದರೆ ಅವನ ದುಡಿಮೆ. ಮದುವೆ ಬೇಡ ಅನ್ನುವುದು ಪಂಥದ ಮಾತೋ ಅವನ ಮಾತೋ ಗೊತ್ತಿಲ್ಲ. ಇಪ್ಪತ್ತೇಳರ ಹುಡುಗರು ಯಾವ ಪಂಥವೂ ಇಲ್ಲದೆ ಎದ್ದು ಹೋಗುವುದನ್ನು ನೋಡಿದ್ದೇನೆ. ಪಂಚಮಿ ತಪ್ಪಿಸಿದ್ದು ನೋವಿನ ಸಂಗತಿ. ಒಂದು ಹಬ್ಬ ತಪ್ಪಿಸುವುದಕ್ಕೂ ಮನೆಗೆ ಹೋಗಬೇಡ ಎಂದು ಯಾರಾದರೂ ಹೇಳುವುದಕ್ಕೂ ವ್ಯತ್ಯಾಸ ಇದೆ. ನಾನಾದರೆ ಗಾಬರಿಯಾಗುವುದು ಇಂಥವಕ್ಕೆ: ಕೆಲಸ ಬಿಡು ಅಂತ ಹೇಳುವುದು, ಗುಂಪಿಗಾಗಿ ಸಾಲ ತೆಗೆಸುವುದು, ಎಟಿಎಂ ಕಾರ್ಡು, ಆಧಾರ್ ಇಟ್ಟುಕೊಳ್ಳುವುದು, ಡಾಕ್ಟರ ಮಾತ್ರೆ ಬಿಡಿಸುವುದು, ಗುರೂಜಿಯ ಜೊತೆ ಒಬ್ಬರೇ ಇರಬೇಕಾದ ಗುಟ್ಟಿನ ‘ಸೇವೆ’, ಬಿಟ್ಟುಹೋದವರ ಹೆಸರು ಎತ್ತಿದರೆ ಮುಖ ಕೆಡಿಸಿಕೊಳ್ಳುವುದು. ಇವುಗಳಲ್ಲಿ ಒಂದು ಕಂಡರೂ ತಡ ಮಾಡಬೇಡಿ, ಕೂಡಲೇ ವಕೀಲರ ಹತ್ತಿರ ಅಥವಾ ಪೊಲೀಸರ ಹತ್ತಿರ ಹೋಗಿ.

ಎಳೆದುಕೊಂಡು ಬರುವ ವಿಚಾರ. 1970ರ ದಶಕದ ಅಮೆರಿಕದಲ್ಲಿ ಇದೇ ಒಂದು ಕಸುಬಾಗಿತ್ತು. ತಂದೆತಾಯಿ ದುಡ್ಡು ಕೊಟ್ಟು ಬೆಳೆದ ಮಕ್ಕಳನ್ನು ಹೊತ್ತು ತರಿಸಿ, ಹೋಟೆಲ್ ರೂಮಿನಲ್ಲಿ ಕೂಡಿಹಾಕಿ ದಿನಗಟ್ಟಲೆ ಬುದ್ಧಿ ಹೇಳಿಸುತ್ತಿದ್ದರು. ಆ ಕೆಲಸಕ್ಕೆ ಹೆಸರಾದ ಟೆಡ್ ಪ್ಯಾಟ್ರಿಕ್ ಜೈಲಿಗೆ ಹೋದ. ಇಲ್ಲಿಯೂ ಅಷ್ಟೇ, ಹದಿನೆಂಟು ದಾಟಿದವರನ್ನು ಕೂಡಿಹಾಕಿದರೆ ಕೇಸು ಬೀಳುವುದು ನಿಮ್ಮ ಅಪ್ಪನ ಮೇಲೆ. ಕಾನೂನಿನ ಮಾತು ಬಿಡಿ. ನನಗೆ ಗೊತ್ತಿರುವ ಒಬ್ಬ ತಂದೆ ಮಗನನ್ನು ರೂಮಿಗೆ ಹಾಕಿ ಚಿಲಕ ಹಾಕಿದರು. ಮೂರನೇ ದಿನ ಮಗ ತಪ್ಪಿಸಿಕೊಂಡ. ಅಲ್ಲಿಯವರೆಗೆ ವಾರಕ್ಕೊಮ್ಮೆ ಹೋಗುತ್ತಿದ್ದವನು ಅಂದಿನಿಂದ ಆಶ್ರಮದಲ್ಲೇ ಉಳಿದ. ಇನ್ನೊಬ್ಬ ತಾಯಿ ವಾದಕ್ಕೆ ಹೋಗಲೇ ಇಲ್ಲ. ಬೆಳ್ಳುಳ್ಳಿ ಹಾಕದೆ ಶೇಂಗಾ ಚಟ್ನಿಪುಡಿ ಮಾಡಿ ತಿಂಗಳಿಗೊಂದು ಡಬ್ಬಿ ಕಳಿಸುತ್ತಿದ್ದರು. ನಾಲ್ಕು ವರ್ಷದ ನಂತರ ಅಲ್ಲಿಯ ಹಣದ ವಿಷಯದಲ್ಲಿ ಮಗಳಿಗೆ ಬೇಸರ ಬಂದಾಗ ಅವಳು ಮೊದಲು ಫೋನ್ ಮಾಡಿದ್ದು ತಾಯಿಗೆ. ಬಿಟ್ಟುಬರುವವರಿಗೆ ಬಹಳ ಕಷ್ಟ ಆಗುವುದು ‘ನಾನು ಅವತ್ತೇ ಹೇಳಿರಲಿಲ್ವಾ’ ಅನ್ನುವ ಮಾತು ಕೇಳಬೇಕಾದಾಗ. ಆ ಹೆದರಿಕೆಗೇ ಎಷ್ಟೋ ಜನ ಬೇಸರ ಬಂದ ಮೇಲೂ ಒಳಗೇ ಉಳಿಯುತ್ತಾರೆ.

ಸುಮ್ನೆ ಕಾಯುವ ದಾರಿಯಲ್ಲೂ ನಷ್ಟ ಇದೆ. ಅವನು ಬಿಡದೆಯೇ ಇರಬಹುದು. ಬಾಳೆಲ್ಲ ಅಲ್ಲೇ ಕಳೆಯಬಹುದು, ಅಲ್ಲಿಯೇ ಮದುವೆಯೂ ಆಗಬಹುದು. ಆಗಲೂ ತಮ್ಮ ಉಳಿಯುತ್ತಾನೆ, ಲಿಂಗವಂತ ತಮ್ಮ ಉಳಿಯದಿರಬಹುದು. ಇದನ್ನು ಅಪ್ಪನಿಗೆ ಹೇಳುವುದು ಕಷ್ಟ ಅಂತ ಗೊತ್ತು.

ಹಣದ ವಿಷಯದಲ್ಲಿ ಮಾತ್ರ ಸುಮ್ನಿರಬೇಡಿ. ಅಲ್ಲಿ ವಾದ ಸುಲಭ, ಯಾಕಂದರೆ ದೇವರ ಮಾತೇ ಬರುವುದಿಲ್ಲ. ಕೊಟ್ಟ ಕಾಣಿಕೆಗೆ ರಸೀದಿ ಇದೆಯಾ, ಆದಾಯ ತೆರಿಗೆಯಲ್ಲಿ ದಾನಕ್ಕಿರುವ ವಿನಾಯಿತಿ ಸಿಗುತ್ತದಾ ಅಂತ ಕೇಳಿ. ಎರಡು ಸಾವಿರಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ವಿನಾಯಿತಿ ಇಲ್ಲ. ಟ್ರಸ್ಟ್ ಯಾರ ಹೆಸರಿನಲ್ಲಿದೆ, ಅದರಲ್ಲಿ ಗುರೂಜಿಯ ಮನೆಯವರು ಎಷ್ಟು ಜನ? ಸಾಫ್ಟ್‌ವೇರ್ ಹುಡುಗನಿಗೆ ಇಂಥ ಪ್ರಶ್ನೆ ತಲೆಯಲ್ಲಿ ಕೊರೆಯುತ್ತದೆ. ಜಮೀನು, ಮನೆಯನ್ನು ದಾನವಾಗಿ ಕೊಡಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಹಾಗಾಗಿ ರಾತ್ರೋರಾತ್ರಿ ಆಸ್ತಿ ಹೋಯಿತು ಅಂತ ಹೆದರಬೇಕಿಲ್ಲ. ಪಿತ್ರಾರ್ಜಿತದಲ್ಲಿ ಅವನ ಪಾಲು ಅವನದೇ. ಅಪ್ಪ ಸ್ವಂತ ದುಡಿದದ್ದು ಅಪ್ಪನ ಇಷ್ಟ. ಎರಡನ್ನೂ ವಿಂಗಡಿಸಿಕೊಂಡು ವಕೀಲರ ಹತ್ತಿರ ಒಮ್ಮೆ ಕೂತು ಬನ್ನಿ. ಅವನನ್ನು ಹೆದರಿಸಲಿಕ್ಕಲ್ಲ, ಅಪ್ಪನ ನಿದ್ದೆಗೆ.

ಇನ್ನೊಂದು ಕೆಲಸ ನೀವೇ ಮಾಡಬೇಕು, ಅಪ್ಪನಿಂದ ಆಗದು. ಒಂದು ಸಲ ಅವನ ಸತ್ಸಂಗಕ್ಕೆ ಹೋಗಿ. ‘ನಿನ್ನ ಜೊತೆ ಬರ್ತೀನಿ, ನೋಡಬೇಕು’ ಅಂತಷ್ಟೇ ಹೇಳಿ. ಅಲ್ಲಿ ಪ್ರವಚನಕ್ಕಿಂತ ಜನರನ್ನು ನೋಡಿ. ಮುದುಕರಿದ್ದಾರಾ, ಮಕ್ಕಳಿದ್ದಾರಾ, ಆ ಮಕ್ಕಳು ಓಡಾಡಿಕೊಂಡಿವೆಯಾ ಅಥವಾ ಕೈಕಟ್ಟಿ ಕೂತಿವೆಯಾ? ಹೆಂಗಸರು ಯಾವುದನ್ನಾದರೂ ಬೇಡ ಅಂದದ್ದು ಕಿವಿಗೆ ಬಿತ್ತಾ? ಊಟಕ್ಕೆ ಕೂತಾಗ ಶುರುವಿನಿಂದ ಇರುವ ಯಾರಾದರೂ ಪಕ್ಕದಲ್ಲಿ ಸಿಕ್ಕರೆ, ‘ನಿಮ್ಮ ಜೊತೆ ಸೇರಿದವರೆಲ್ಲ ಈಗ ಎಲ್ಲಿದ್ದಾರೆ?’ ಅಂತ ಕೇಳಿ. ‘ಇಬ್ಬರು ಬಿಟ್ಟರು, ಹಬ್ಬಕ್ಕೆ ಬರ್ತಾರೆ’ ಅಂತ ನಗುತ್ತಾ ಹೇಳಿದರೆ ಒಂದು. ಮಾತು ತಿರುಗಿಸಿದರೆ ಇನ್ನೊಂದು. ಏನು ಕಂಡಿತು ಅಂತ ನನಗೆ ಬರೆಯಿರಿ. ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ತಮ್ಮ ‘ಹೇಗಿತ್ತು ಅಕ್ಕ?’ ಅಂತ ಕೇಳಿಯೇ ಕೇಳುತ್ತಾನೆ. ಆಗ ಚೆನ್ನಾಗಿ ಕಂಡದ್ದನ್ನು ಮೊದಲು ಹೇಳಿ. ಸರಿ ಕಾಣದ್ದನ್ನೂ ಮುಚ್ಚಿಡಬೇಡಿ. ಅವ್ವನಿಗೆ ಹೇಳಿ ಊರಿನ ಮನೆಯಲ್ಲಿ ಅವನಿಗೆ ಅಂತ ಒಂದು ಹೊಸ ಸ್ಟೀಲ್ ತಟ್ಟೆ, ಒಂದು ಲೋಟ ಬೇರೆ ತೆಗೆದಿಡಿಸಿ, ಮುಂದಿನ ಸಲ ಅವನು ಬ್ಯಾಗಿನಲ್ಲಿ ಹೊತ್ತು ತರುವುದು ತಪ್ಪಲಿ.